ಬಡ್ತಿ, ಹಿಂಬಡ್ತಿ: ವಿಮಾನಪುರದ ಒಂದು ಫುಟ್‌ಬಾಲ್ ತಂಡದ ಕಥೆ

ದೊಡ್ಡನೆಕ್ಕುಂದಿಯಲ್ಲಿ ನಾಲ್ಕು ವರ್ಷ ಇದ್ದರೆ ಸಾಕು, ತಲೆ ಎತ್ತದೆಯೇ ವಿಮಾನ ಗುರುತಿಸುವುದು ರೂಢಿಯಾಗುತ್ತದೆ. ತೇಜಸ್ ಮೇಲೇರಿದರೆ ಕಿಟಕಿಯ ಗಾಜು ಅದುರುತ್ತದೆ. ಹೆಲಿಕಾಪ್ಟರ್ ಹೋದರೆ ಎದೆಯ ಮೇಲೆ ಯಾರೋ ಮೆತ್ತಗೆ ಗುದ್ದಿದ ಹಾಗಿರುತ್ತದೆ. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೊರಟುಹೋದವು. ಎಚ್‌ಎಎಲ್ ರನ್‌ವೇ ಮಾತ್ರ ಇಲ್ಲಿನವರ ಕಿವಿಯಲ್ಲಿ ಹಾಗೆಯೇ ಉಳಿಯಿತು.

ನಮ್ಮ ಬೀದಿಯಲ್ಲಿ ಎಚ್‌ಎಎಲ್ ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಮನೆಯ ಅಟ್ಟದ ಮೇಲಿನ ತಗಡಿನ ಟ್ರಂಕಿನಲ್ಲಿ ಒಂದು ಜೊತೆ ಫುಟ್‌ಬಾಲ್ ಬೂಟುಗಳಿವೆ. ಚರ್ಮ ಬಿರುಕು ಬಿಟ್ಟಿದೆ. ಬಲಗಾಲಿನ ಬೂಟಿನ ಪಕ್ಕಕ್ಕೆ ಚಪ್ಪಲಿ ಹೊಲಿಯುವವರ ದಪ್ಪ ದಾರದ ಹೊಲಿಗೆ ಇದೆ, ಅಡಿಯಲ್ಲಿ ಎರಡು ಗುಬ್ಬಿ ಉದುರಿಹೋಗಿವೆ. ಅವರು ದೊಡ್ಡ ಆಟಗಾರರೇನಲ್ಲ, ಕಾರ್ಖಾನೆಯ ವಿಭಾಗಗಳ ನಡುವಿನ ಪಂದ್ಯಗಳಲ್ಲಿ ಆಡಿದವರು. ಆದರೂ ಎಚ್‌ಎಎಲ್ ತಂಡದ ಮಾತು ಬಂದರೆ ಕುರ್ಚಿಯ ತುದಿಗೆ ಬರುತ್ತಾರೆ. "ನಮ್ಮ ಟೀಮ್ ಮೇಲಕ್ಕೆ ಹೋದ ದಿನ ನನಗೇ ಪ್ರಮೋಷನ್ ಸಿಕ್ಕ ಹಾಗಿತ್ತು, ಸಾರ್. ಕೆಳಗೆ ಬಂದಾಗ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ" ಎಂದು ಒಮ್ಮೆ ಹೇಳಿದರು.

ಕನ್ನಡದ ಕ್ರೀಡಾ ಪುಟಗಳು ತಂಡವೊಂದು ಮೇಲಿನ ಲೀಗ್‌ಗೆ ಏರುವುದನ್ನು 'ಬಡ್ತಿ' ಎಂದೂ ಕೆಳಗೆ ಇಳಿಯುವುದನ್ನು 'ಹಿಂಬಡ್ತಿ' ಎಂದೂ ಬರೆಯುತ್ತವೆ. ಎರಡೂ ಕಚೇರಿಯ ಮಾತುಗಳು. ಬೇರೆ ತಂಡಗಳಿಗೆ ಅವು ಎರವಲು ಬಂದಿರಬಹುದು, ಎಚ್‌ಎಎಲ್ ತಂಡಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದ್ದವು. ಆ ತಂಡದ ಆಟಗಾರನಿಗೆ ಬಡ್ತಿ ಮೈದಾನದಲ್ಲೂ ಇತ್ತು, ಸರ್ವಿಸ್ ಪುಸ್ತಕದಲ್ಲೂ ಇತ್ತು. ಪೂರ್ವ ಬೆಂಗಳೂರಿನ ಫುಟ್‌ಬಾಲ್ ಬಾಳಿದ್ದು ಎರಡು ಆಸರೆಗಳ ಮೇಲೆ: ಒಂದು ಮೈದಾನ, ಇನ್ನೊಂದು ನೌಕರಿ. ಆ ಆಸರೆಗಳು ಹೇಗೆ ಸಿಕ್ಕವು, ಹೇಗೆ ಸಡಿಲವಾದವು ಎಂದು ತಿಳಿಯಬೇಕಾದರೆ ದಂಡಿನ ಕಾಲದಿಂದ ಶುರು ಮಾಡಬೇಕು.

*

1809ರಲ್ಲಿ ಬ್ರಿಟಿಷರು ತಮ್ಮ ಸೇನೆಯನ್ನು ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ತಂದು ಹಲಸೂರಿನ ಸುತ್ತ ನೆಲೆ ನಿಲ್ಲಿಸಿದರು. ಊರಿನವರು ಅದನ್ನು ದಂಡು ಎಂದರು. ಕವಾಯತಿಗೆಂದು ಬಯಲುಗಳನ್ನು ಬಿಟ್ಟರು, ಬ್ಯಾರಕ್ಕುಗಳ ಪಕ್ಕದಲ್ಲಿ ಬಜಾರುಗಳು ಬೆಳೆದವು. ಸೇನೆಯ ಹಿಂದೆಯೇ ಬಂದ ತಮಿಳರು, ದಖನಿ ಉರ್ದು ಮಾತಾಡುವ ಮುಸ್ಲಿಮರು, ತೆಲುಗರು, ಆಂಗ್ಲೋ ಇಂಡಿಯನ್ನರು ಬ್ಲ್ಯಾಕ್‌ಪಲ್ಲಿಯಲ್ಲೂ ಹಲಸೂರಿನಲ್ಲೂ ತುಂಬಿಕೊಂಡರು. ಆ ಬ್ಲ್ಯಾಕ್‌ಪಲ್ಲಿಯೇ ಇಂದಿನ ಶಿವಾಜಿನಗರ.

ಸಂಜೆ ಸಿಪಾಯಿಗಳು ಬಯಲಿನಲ್ಲಿ ಚೆಂಡು ಒದೆಯುತ್ತಿದ್ದರು. ಬಜಾರಿನ ಹುಡುಗರು ಗೆರೆಯಾಚೆ ನಿಂತು ನೋಡಿದರು, ಆಚೆ ಬಿದ್ದ ಚೆಂಡನ್ನು ತಿರುಗಿ ಒದ್ದರು, ಆಮೇಲೆ ತಮ್ಮದೇ ತಂಡ ಕಟ್ಟಿಕೊಂಡರು. ಬೂಟು ಕೊಳ್ಳುವ ಶಕ್ತಿ ಇರಲಿಲ್ಲ, ಬರಿಗಾಲೇ ಬಂಡವಾಳ. ಬರಿಗಾಲಿಗೆ ಚೆಂಡಿನ ತಿರುವು ಚೆನ್ನಾಗಿ ತಿಳಿಯುತ್ತದೆ ಎಂಬ ಮಾತು ದಂಡಿನ ಹಳಬರ ಬಾಯಲ್ಲಿ ಇವತ್ತಿಗೂ ಇದೆ.

ಈ ಬೀದಿಗಳಿಂದ ಎದ್ದ ತಂಡವೇ ಬೆಂಗಳೂರು ಮುಸ್ಲಿಮ್ಸ್. ಮುಂಬಯಿಯ ರೋವರ್ಸ್ ಕಪ್ 1891ರಲ್ಲಿ ಶುರುವಾದ ಟೂರ್ನಿ. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದು ಬ್ರಿಟಿಷ್ ರೆಜಿಮೆಂಟುಗಳ ಸೊತ್ತಾಗಿತ್ತು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಫೈನಲ್‌ನಲ್ಲಿ ಕೋಲ್ಕತ್ತದ ಮೊಹಮ್ಮಡನ್ ಸ್ಪೋರ್ಟಿಂಗ್ ಅನ್ನು 1-0ರಿಂದ ಸೋಲಿಸಿ ಆ ಕಪ್ ಎತ್ತಿತು. ರೋವರ್ಸ್ ಗೆದ್ದ ಮೊದಲ ಭಾರತೀಯ ತಂಡ ಅದು. ಆಗ ಮೊಹಮ್ಮಡನ್ ಸ್ಪೋರ್ಟಿಂಗ್ ಎಂದರೆ ಸಾಮಾನ್ಯ ಎದುರಾಳಿಯಲ್ಲ, 1934ರಿಂದ ಕೋಲ್ಕತ್ತ ಲೀಗ್ ಅನ್ನು ಸಾಲಾಗಿ ಗೆಲ್ಲುತ್ತಾ ಬಂದಿದ್ದ ತಂಡ. ಬೆಂಗಳೂರಿನ ಆಟಗಾರರನ್ನು ಕರೆಸಿಕೊಂಡು ಬಲ ಹೆಚ್ಚಿಸಿಕೊಂಡಿದ್ದ ತಂಡ ಕೂಡ. ಮರುವರ್ಷ, 1938ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಕಪ್ ಉಳಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ಮೋಹನ್ ಬಾಗಾನ್ ವಿರುದ್ಧ ಗೆದ್ದು ಮೂರನೆಯ ಬಾರಿಗೆ ಮನೆಗೆ ತಂದಿತು.

*

ಅದೇ 1948ರ ಜುಲೈ 31. ಲಂಡನ್ ಒಲಿಂಪಿಕ್ಸ್. ಇಲ್ಫರ್ಡ್‌ನ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ಎದುರು ಆಡುತ್ತಿದೆ. ಹೆಚ್ಚಿನವರು ಬರಿಗಾಲಿನಲ್ಲಿದ್ದಾರೆ. ಫ್ರಾನ್ಸ್ ಒಂದು ಗೋಲು ಮುಂದಿದ್ದಾಗ ಮೈಸೂರು ತಂಡದ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿ ಸಮ ಮಾಡಿದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಭಾರತದ ಮೊದಲ ಗೋಲು ಅದು. ಎರಡು ಪೆನಾಲ್ಟಿ ಕೈತಪ್ಪಿದ ಆ ಪಂದ್ಯವನ್ನು ಭಾರತ ಕೊನೆಯ ಗಳಿಗೆಯಲ್ಲಿ 2-1ರಿಂದ ಸೋತಿತು. ಆ ತಂಡದಲ್ಲಿ ರಾಮನ್ ಅಲ್ಲದೆ ಅಹ್ಮದ್ ಖಾನ್, ಧನರಾಜ್, ವರದರಾಜ್, ವಜ್ರವೇಲು, ಬಷೀರ್ ಇದ್ದರು. ಎಲ್ಲರೂ ಮೈಸೂರು ರಾಜ್ಯದ ಆಟಗಾರರು.

ನಾಲ್ಕು ವರ್ಷದ ನಂತರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ ಭಾರತವನ್ನು 10-1ರಿಂದ ಸೋಲಿಸಿತು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಚೆಂಡನ್ನು ಹಾವಿನಂತೆ ಆಡಿಸುತ್ತಾರೆಂದು ಕೋಲ್ಕತ್ತದ ಜನ ಅವರನ್ನು ಹಾವಾಡಿಗ ಎಂದು ಕರೆಯುತ್ತಿದ್ದರು. ಈಸ್ಟ್ ಬೆಂಗಾಲ್‌ನ 'ಪಂಚ ಪಾಂಡವ'ರಲ್ಲಿ ಅವರೂ ಧನರಾಜ್ ಅವರೂ ಇಬ್ಬರು. ಆಟ ಮುಗಿಸಿ ಊರಿಗೆ ಮರಳಿದ ಅಹ್ಮದ್ ಖಾನ್ 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು.

ರಾಜ್ಯ ತಂಡದ ಲೆಕ್ಕವೂ ಹೀಗೆಯೇ ಮೇಲ್ಮಟ್ಟದ್ದು. ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು: 1946-47, 1952-53, 1967-68, 1968-69. ಅವುಗಳಲ್ಲಿ ಮೂರು ಫೈನಲ್‌ಗಳಲ್ಲಿ ಎದುರಿಗಿದ್ದುದು ಬಂಗಾಳ. ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ಬೆಂಗಳೂರಿನ ಮೇಲೆ ಕಣ್ಣಿಟ್ಟು ಕೂತದ್ದು ಇದಕ್ಕೇ. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಕೂಡ ಇಲ್ಲಿಂದ ಹೋಗಿ ಮೋಹನ್ ಬಾಗಾನ್‌ನಲ್ಲಿ ಹೆಸರಾದವರು. ಒಳ್ಳೆಯ ಹುಡುಗನೊಬ್ಬ ಆಸ್ಟಿನ್ ಟೌನ್‌ನಲ್ಲೋ ಗೌತಮಪುರದಲ್ಲೋ ಕಾಣಿಸಿಕೊಂಡರೆ ಹೌರಾ ಕಡೆಯ ರೈಲು ಹತ್ತುವುದಕ್ಕೆ ಹೆಚ್ಚು ದಿನ ಹಿಡಿಯುತ್ತಿರಲಿಲ್ಲ.

ಹೋಗದೆ ಉಳಿದವರೇನು ಮಾಡಬೇಕು? ಕ್ಲಬ್ಬಿನಲ್ಲಿ ಆಡಿದರೆ ಹೊಟ್ಟೆ ತುಂಬುವುದಿಲ್ಲ. ಗೆದ್ದರೆ ಹಾರ, ಬಿರಿಯಾನಿ, ಒಂದಿಷ್ಟು ಕೈಖರ್ಚು. ಮೂವತ್ತು ದಾಟಿದ ಮೇಲೆ ಮಂಡಿ ನೋವೊಂದೇ ಉಳಿತಾಯ. ಈ ಪ್ರಶ್ನೆಗೆ ಉತ್ತರ ಊರಿನ ಪೂರ್ವದ ಹೊಲಗಳಲ್ಲಿ ಎದ್ದು ನಿಂತಿತು, ಕಾರ್ಖಾನೆಗಳ ರೂಪದಲ್ಲಿ.

*

1940ರ ಡಿಸೆಂಬರ್ 23ರಂದು ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲ ಅದು. ರಾಗಿ ಬೆಳೆಯುತ್ತಿದ್ದ ನೆಲ ರನ್‌ವೇ ಆಯಿತು, ಪಕ್ಕದಲ್ಲಿ ಎದ್ದ ಬಡಾವಣೆಗೆ ವಿಮಾನಪುರ ಎಂಬ ಚಂದದ ಹೆಸರು ಬಂತು. ಯುದ್ಧಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳು ಇಲ್ಲಿಗೆ ರಿಪೇರಿಗೆ ಬಂದವು. 1951ರಲ್ಲಿ ಇಲ್ಲಿನವರೇ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು, 1961ರಲ್ಲಿ ಮಾರುತ್ ಯುದ್ಧವಿಮಾನ ಹಾರಿತು. 1964ರಲ್ಲಿ ಕಂಪನಿ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್, ಆಯಿತು. ಅಷ್ಟರಲ್ಲಿ, 1948ರಲ್ಲೇ, ಕೃಷ್ಣರಾಜಪುರದ ಬಳಿ ದೂರವಾಣಿ ತಯಾರಿಸುವ ಐಟಿಐ ಶುರುವಾಗಿ ಅಲ್ಲೊಂದು ದೂರವಾಣಿನಗರ ಹುಟ್ಟಿತ್ತು. ಬಿಇಎಂಎಲ್ ಬಂದದ್ದು 1964ರಲ್ಲಿ. ದಂಡಿನ ಪೂರ್ವದ ಅಂಚಿನಿಂದ ವೈಟ್‌ಫೀಲ್ಡ್ ದಾರಿಯವರೆಗೂ ಬೆಳಿಗ್ಗೆ ಸೈರನ್ ಕೂಗಿದರೆ ಸೈಕಲ್ಲುಗಳ ಹೊಳೆ ಹರಿಯುತ್ತಿತ್ತು.

ಈ ಕಾರ್ಖಾನೆಗಳು ತಮ್ಮ ಟೌನ್‌ಶಿಪ್‌ಗಳಲ್ಲಿ ಶಾಲೆ, ಆಸ್ಪತ್ರೆ, ಸಹಕಾರ ಸಂಘ, ಕನ್ನಡ ಸಂಘಗಳ ಜೊತೆಗೆ ಮೈದಾನಗಳನ್ನೂ ಮಾಡಿದವು. ಮೈದಾನ ಇದ್ದ ಮೇಲೆ ತಂಡ ಬೇಕು. ತಂಡಕ್ಕೆ ಕ್ರೀಡಾ ಕೋಟಾದಲ್ಲಿ ಹುಡುಗರನ್ನು ತೆಗೆದುಕೊಂಡರು. ಪದ್ಧತಿ ಸರಳವಾಗಿತ್ತು. ಜಿಲ್ಲಾ ಲೀಗ್‌ನಲ್ಲಿ ಚೆನ್ನಾಗಿ ಆಡುವ ಹುಡುಗನನ್ನು ನೋಡಿಕೊಳ್ಳುವುದು, ಆಯ್ಕೆಗೆ ಕರೆಯುವುದು, ಮೊದಲು ಸ್ಟೈಪೆಂಡ್ ಮೇಲೆ ಆಡಿಸುವುದು, ಆಮೇಲೆ ಖಾಯಂ ಮಾಡುವುದು. ಬೆಳಿಗ್ಗೆ ಪ್ರ್ಯಾಕ್ಟೀಸು, ಆಮೇಲೆ ಡ್ಯೂಟಿ. ಟೂರ್ನಿಗೆ ಹೊರಟರೆ ಅದೂ ಡ್ಯೂಟಿಯ ಲೆಕ್ಕಕ್ಕೇ. ಕಾಲು ಸೋತ ಮೇಲೆ ಅದೇ ಗೇಟಿನೊಳಗೆ ಯಂತ್ರದ ಮುಂದೆಯೋ ಸ್ಟೋರ್ಸ್‌ನ ಮೇಜಿನ ಹಿಂದೆಯೋ ನಿವೃತ್ತಿಯವರೆಗೆ ಕೆಲಸ.

ಹಲಸೂರಿನ ಗಲ್ಲಿಯ ಮನೆಯೊಂದಕ್ಕೆ ಇದು ಏನಾಗಿತ್ತೆಂದು ಊಹಿಸಿ. ತಂದೆ ಬಣ್ಣ ಬಳಿಯುವವರು, ತಾಯಿ ನಾಲ್ಕು ಮನೆ ಕೆಲಸದವರು. ಮಗ ಎಸ್ಸೆಸ್ಸೆಲ್ಸಿ ಹೇಗೋ ಮುಗಿಸಿ ಬೀದಿಯಲ್ಲಿ ಚೆಂಡು ಒದೆಯುತ್ತಿದ್ದಾನೆ ಎಂದು ದಿನಾ ಬೈಗುಳ. ಅದೇ ಚೆಂಡು ಒಂದು ದಿನ ಆತನ ಕೈಗೆ ಸರ್ಕಾರಿ ಕಂಪನಿಯ ನೇಮಕದ ಪತ್ರ ತಂದಿಡುತ್ತದೆ. ಮರುವಾರದಿಂದ ಮನೆಗೆ ರೇಷನ್ನು ಸಾಲವಿಲ್ಲದೆ ಬರುತ್ತದೆ, ತಾಯಿಯ ಔಷಧಿಗೆ ಕಂಪನಿಯ ಆಸ್ಪತ್ರೆ ಇರುತ್ತದೆ, ತಂಗಿಯ ಮದುವೆಗೆ ಸೊಸೈಟಿ ಸಾಲ ಸಿಗುತ್ತದೆ. ದಂಡಿನ ಫುಟ್‌ಬಾಲ್ ಅಷ್ಟು ದಶಕ ಉಸಿರಾಡಿದ್ದು ಈ ಪತ್ರದ ಆಸೆಯಿಂದ. ಮಗ ಮೈದಾನಕ್ಕೆ ಹೋದರೆ ಹೋಗಲಿ ಎಂದು ತಾಯಂದಿರು ಸುಮ್ಮನಾದದ್ದೂ ಇದರಿಂದಲೇ.

*

ದೇಶದ ಮಟ್ಟದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾದದ್ದು 1996ರಲ್ಲಿ. ಅಲ್ಲಿಯವರೆಗೆ ಭಾರತದ ಫುಟ್‌ಬಾಲ್ ಎಂದರೆ ಊರೂರಿನ ಲೀಗ್‌ಗಳು ಮತ್ತು ನಾಕೌಟ್ ಟೂರ್ನಿಗಳು. ಈಗ ಮೊದಲ ಬಾರಿಗೆ ಏಣಿಯೊಂದು ಬಂತು, ಮೇಲಿನ ಮೆಟ್ಟಿಲು, ಕೆಳಗಿನ ಮೆಟ್ಟಿಲು, ನಡುವೆ ಬಡ್ತಿ ಮತ್ತು ಹಿಂಬಡ್ತಿ. ಎಚ್‌ಎಎಲ್ ಆ ಏಣಿಯನ್ನು ಮೂರು ಸಲ ಹತ್ತಿತು.

ಮೊದಲ ಸಲ 2001-02ರ ಋತುವಿಗೆ. 2001ರ ಜನವರಿ 4ರಂದು ಎಚ್‌ಎಎಲ್ ರನ್‌ವೇಯಿಂದ ಹಗುರ ಯುದ್ಧವಿಮಾನ ಮೊದಲ ಬಾರಿ ಹಾರಿತ್ತು. ಅದೇ ವರ್ಷ ಕಂಪನಿಯ ಹುಡುಗರು ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಚರ್ಚಿಲ್ ಬ್ರದರ್ಸ್ ಇರುವ ಸಾಲಿಗೆ ಸೇರಿದರು. ಆಗ ಐಟಿಐ ಕೂಡ ಅದೇ ಲೀಗ್‌ನಲ್ಲಿತ್ತು. ವಿಮಾನಪುರ ಮತ್ತು ದೂರವಾಣಿನಗರ, ನಡುವೆ ಹೆಚ್ಚೆಂದರೆ ಅರ್ಧ ಗಂಟೆಯ ಸೈಕಲ್ ದಾರಿ. ದೇಶದ ಹನ್ನೆರಡು ಅಗ್ರ ತಂಡಗಳಲ್ಲಿ ಎರಡು ಈ ದಾರಿಯ ಎರಡು ತುದಿಗಳಲ್ಲಿದ್ದವು. ಬೆಂಗಳೂರಿನ ಪೂರ್ವಭಾಗಕ್ಕೆ ಇದಕ್ಕಿಂತ ದೊಡ್ಡ ಗೌರವ ಆ ಆಟದಲ್ಲಿ ಅದಕ್ಕೂ ಮೊದಲು ಸಿಕ್ಕಿದ್ದು ರೋವರ್ಸ್ ಗೆದ್ದಾಗ ಮಾತ್ರ. ಎರಡು ಋತು ಕಳೆಯುವುದರೊಳಗೆ, 2003ರಲ್ಲಿ, ಎರಡೂ ತಂಡಗಳು ಜೊತೆಯಾಗಿ ಕೆಳಗಿಳಿದವು. ಐಟಿಐ ಮತ್ತೆ ಏಳಲಿಲ್ಲ. ಮೊಬೈಲ್ ಫೋನು ಬಂದು ಕಂಪನಿಯ ಕೆಲಸವೇ ಕುಗ್ಗುತ್ತಿದ್ದ ಹೊತ್ತು ಅದು. ದೂರವಾಣಿನಗರದಲ್ಲಿ ಆಗ ತಂಡಕ್ಕಿಂತ ಸಂಬಳದ ಚಿಂತೆ ದೊಡ್ಡದಿತ್ತು.

ಎಚ್‌ಎಎಲ್ ಎದ್ದಿತು. 2006-07ರಲ್ಲಿ ಮತ್ತೆ ರಾಷ್ಟ್ರೀಯ ಲೀಗ್‌ಗೆ ಬಂತು, ಒಂದೇ ಋತುವಿನಲ್ಲಿ ಇಳಿಯಿತು. ಜೊತೆಯಲ್ಲಿ ಇಳಿದದ್ದು ಮೊಹಮ್ಮಡನ್ ಸ್ಪೋರ್ಟಿಂಗ್. ಎಪ್ಪತ್ತು ವರ್ಷದ ಹಿಂದೆ ರೋವರ್ಸ್ ಫೈನಲ್‌ನಲ್ಲಿ ಬೆಂಗಳೂರಿಗೆ ಎದುರಾಗಿದ್ದ ತಂಡ ಈಗ ಬೆಂಗಳೂರಿನ ಇನ್ನೊಂದು ತಂಡದ ಜೊತೆ ಒಂದೇ ಮೆಟ್ಟಿಲು ಇಳಿಯಿತು. ಹಳೆಯ ರಾಷ್ಟ್ರೀಯ ಲೀಗ್‌ನ ಕೊನೆಯ ಋತುವೂ ಅದೇ. 2007ರಿಂದ ಐ-ಲೀಗ್ ಬಂತು.

ಮೂರನೆಯ ಸಲ 2010ರಲ್ಲಿ. ಎರಡನೇ ಡಿವಿಷನ್‌ನಿಂದ ಒಎನ್‌ಜಿಸಿ ಮತ್ತು ಎಚ್‌ಎಎಲ್ ಐ-ಲೀಗ್‌ಗೆ ಬಡ್ತಿ ಪಡೆದವು. ಅಷ್ಟರಲ್ಲಿ ಲೀಗ್ ಬದಲಾಗಿತ್ತು. ಆಫ್ರಿಕ, ಬ್ರೆಜಿಲ್, ಆಸ್ಟ್ರೇಲಿಯದ ಫಾರ್ವರ್ಡ್‌ಗಳು ದೊಡ್ಡ ಕ್ಲಬ್ಬುಗಳ ಗೋಲಿನ ಲೆಕ್ಕ ನೋಡಿಕೊಳ್ಳುತ್ತಿದ್ದರು. ಎಚ್‌ಎಎಲ್ ಮಾತ್ರ ವಿದೇಶಿ ಆಟಗಾರರಿಲ್ಲದೆ ತನ್ನ ಹುಡುಗರನ್ನೇ ನಂಬಿ ಇಳಿಯಿತು. ತಿಂಗಳ ಸಂಬಳಕ್ಕೆ ಸಹಿ ಹಾಕುವ ಕೈಗಳು, ಕಂಪನಿ ಬಸ್ಸಿನಲ್ಲಿ ಓಡಾಡುವ ಕಾಲುಗಳು. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ತವರಿನ ಪಂದ್ಯಗಳು. 2010-11ರಲ್ಲಿ ಪಟ್ಟಿಯ ಕೆಳಭಾಗದಲ್ಲೇ ಇದ್ದರೂ ತಂಡ ಇಳಿಯಲಿಲ್ಲ. ಜೊತೆಯಲ್ಲಿ ಏರಿದ ಒಎನ್‌ಜಿಸಿ ಇಳಿಯಿತು, ಮೊದಲ ರಾಷ್ಟ್ರೀಯ ಲೀಗ್ ಗೆದ್ದ ಜೆಸಿಟಿ ಇಳಿಯಿತು, ಎಚ್‌ಎಎಲ್ ಉಳಿಯಿತು. ನನ್ನ ಪಾಲಿಗೆ ಈ ತಂಡದ ಅತಿ ದೊಡ್ಡ ಗೆಲುವು ಆ ಉಳಿವು. ಅದಕ್ಕೆ ಕಪ್ ಇರಲಿಲ್ಲ, ಮೆರವಣಿಗೆ ಇರಲಿಲ್ಲ.

ಮರುವರ್ಷ ಬಲ ಸಾಲಲಿಲ್ಲ. 2011-12ರ ಋತುವಿನಲ್ಲಿ ಡೆಂಪೊ ತಂಡದ ರಾಂಟಿ ಮಾರ್ಟಿನ್ಸ್ ಒಬ್ಬರೇ 32 ಗೋಲು ಹೊಡೆದರು. ಅಂಥ ಲೀಗ್‌ನಲ್ಲಿ ನೌಕರರ ತಂಡವೊಂದು ಎಷ್ಟು ದಿನ ಗೋಡೆಯಾಗಿ ನಿಂತೀತು? ಹದಿನಾಲ್ಕು ತಂಡಗಳಲ್ಲಿ ಎಚ್‌ಎಎಲ್ ಕೊನೆಯದಾಗಿ, 2012ರ ಬೇಸಿಗೆಯಲ್ಲಿ ಕೆಳಗಿಳಿಯಿತು. ಆಮೇಲೆ ಮೇಲೆ ಬರಲಿಲ್ಲ.

*

ಈ ಏರಿಳಿತವನ್ನು ಸರಿಯಾಗಿ ತೂಗಬೇಕಾದರೆ ಒಮ್ಮೆ ಸ್ಪೇನ್ ಕಡೆ ನೋಡಬೇಕು. ಫ್ರಾನ್ಸ್ ಗಡಿಯಲ್ಲಿ ಇರೂನ್ ಎಂಬ ಸಣ್ಣ ಊರಿದೆ. ಅಲ್ಲಿನ ಕ್ಲಬ್ ರಿಯಾಲ್ ಉನಿಯೋನ್, 1915ರಲ್ಲಿ ಹುಟ್ಟಿದ್ದು. 1918, 1924, 1927ರಲ್ಲಿ ಅದು ಸ್ಪೇನ್ ದೇಶದ ರಾಜನ ಕಪ್ ಗೆದ್ದಿತು. 1929ರಲ್ಲಿ ಲಾ ಲಿಗಾ ಶುರುವಾದಾಗ ಮೊದಲ ಹತ್ತು ತಂಡಗಳಲ್ಲಿ ಇದೂ ಒಂದು, ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಪಕ್ಕದಲ್ಲಿ. 1932ರಲ್ಲಿ ಮೇಲಿನ ಡಿವಿಷನ್‌ನಿಂದ ಇಳಿದದ್ದು ಅಲ್ಲಿಗೆ ಮತ್ತೆ ಏರಲಿಲ್ಲ. ನಮ್ಮ ಬೆಂಗಳೂರು ಮುಸ್ಲಿಮ್ಸ್ ಕಥೆಯನ್ನು ಬೇರೆ ಭಾಷೆಯಲ್ಲಿ ಕೇಳಿದ ಹಾಗಿದೆ.

ಆದರೆ ಇರೂನಿನವರು ತಂಡವನ್ನು ಬಿಡಲಿಲ್ಲ. ಮೂರನೆಯ ದರ್ಜೆಯಲ್ಲಿ ಆಡುತ್ತಿದ್ದ ಅದೇ ರಿಯಾಲ್ ಉನಿಯೋನ್ 2008ರಲ್ಲಿ ರಾಜನ ಕಪ್‌ನ ಪಂದ್ಯದಲ್ಲಿ ರಿಯಲ್ ಮ್ಯಾಡ್ರಿಡ್ ಅನ್ನು ತನ್ನ ಊರಿನಲ್ಲಿ 3-2ರಿಂದ ಸೋಲಿಸಿತು. ಮ್ಯಾಡ್ರಿಡ್‌ಗೆ ಹೋಗಿ 4-3ರಿಂದ ಸೋತರೂ ಎದುರಾಳಿಯ ನೆಲದಲ್ಲಿ ಹೊಡೆದ ಗೋಲುಗಳ ಲೆಕ್ಕದಲ್ಲಿ ಮುಂದೆ ಹೋಯಿತು. ಮರುವರ್ಷ ಎರಡನೇ ಡಿವಿಷನ್‌ಗೆ ಏರಿತು, ಒಂದೇ ಋತುವಿನಲ್ಲಿ ಇಳಿಯಿತು. ಅದರ ಆಚೆ ಐಬಾರ್ ಎಂಬ, ಬಂದೂಕಿನ ಕಾರ್ಖಾನೆಗಳಿಗೆ ಹೆಸರಾದ ಇನ್ನೊಂದು ಸಣ್ಣ ಊರಿದೆ. ಮೂವತ್ತು ಸಾವಿರಕ್ಕೂ ಕಡಿಮೆ ಜನರ ಆ ಊರಿನ ತಂಡ 2014ರಲ್ಲಿ ಲಾ ಲಿಗಾಕ್ಕೆ ಏರಿ ಏಳು ಋತು ನಿಂತಿತು. ಏರುವ ಮುಂಚೆ ಬಂಡವಾಳ ಸಾಲದು ಎಂದಾಗ ಅಭಿಮಾನಿಗಳಿಗೆ ಷೇರು ಮಾರಿ ಹಣ ಕೂಡಿಸಿತು.

ಇಳಿಯುವುದು ಎಲ್ಲ ಊರಿನ ತಂಡಗಳಿಗೂ ಇದ್ದದ್ದೇ. ಇಳಿದ ಮೇಲೆ ಹಿಡಿದುಕೊಳ್ಳಲು ಏನಿದೆ ಎಂಬುದೇ ಮುಖ್ಯ. ಇರೂನಿನ ತಂಡಕ್ಕೆ ತನ್ನದೇ ಕ್ರೀಡಾಂಗಣವಿತ್ತು, ಸದಸ್ಯರಿದ್ದರು, ಅಜ್ಜ ಮೊಮ್ಮಗನನ್ನು ಕೈಹಿಡಿದು ಕರೆತರುವ ಭಾನುವಾರಗಳಿದ್ದವು. ನಮ್ಮ ಕಾರ್ಖಾನೆ ತಂಡಗಳ ಆಧಾರ ಕಾರ್ಖಾನೆಯೇ. ಊರು ಅವುಗಳನ್ನು ಪ್ರೀತಿಸಿತು, ಆದರೆ ಅವು ಊರಿನ ಕೈಯಲ್ಲಿರಲಿಲ್ಲ.

ಏಷ್ಯಾದ ಫುಟ್‌ಬಾಲ್ ಒಕ್ಕೂಟದ ಕ್ಲಬ್ ಪರವಾನಗಿ ನಿಯಮಗಳು ಬಂದಾಗ ಇದು ಎದ್ದು ಕಂಡಿತು. ಕ್ಲಬ್ ಎಂದರೆ ಸ್ವತಂತ್ರ ಸಂಸ್ಥೆಯಾಗಿರಬೇಕು, ವೃತ್ತಿಪರ ಆಟಗಾರರಿರಬೇಕು, ಮಕ್ಕಳ ತಂಡಗಳಿರಬೇಕು, ಲೆಕ್ಕಪತ್ರ ಬೇರೆ ಇರಬೇಕು. ಒಳ್ಳೆಯ ನಿಯಮಗಳೇ. ಆದರೆ ಸಾರ್ವಜನಿಕ ಉದ್ದಿಮೆಯ ಒಂದು ಕ್ರೀಡಾ ವಿಭಾಗ ಈ ಅಳತೆಗೆ ಹೊಂದುವುದು ಕಷ್ಟ. ಮಹೀಂದ್ರ ಯುನೈಟೆಡ್ 2010ರಲ್ಲೇ ಮುಚ್ಚಿತ್ತು. ಜೆಸಿಟಿ 2011ರಲ್ಲಿ ಮುಚ್ಚಿತು. ಏರ್ ಇಂಡಿಯ ಮತ್ತು ಒಎನ್‌ಜಿಸಿಗೆ 2013ರಲ್ಲಿ ಪರವಾನಗಿ ಸಿಗದೆ ಐ-ಲೀಗ್ ಬಾಗಿಲು ಮುಚ್ಚಿತು. ನೌಕರಿಯ ಮೇಲೆ ನಿಂತ ತಂಡಗಳ ಯುಗ ಹೀಗೆ ನಾಲ್ಕೈದು ವರ್ಷದಲ್ಲಿ ಮುಗಿಯಿತು. ಎಚ್‌ಎಎಲ್‌ನ 2012ರ ಹಿಂಬಡ್ತಿಯನ್ನು ಈ ಸಾಲಿನಲ್ಲಿಟ್ಟು ಓದಬೇಕು.

ಅದರ ಮರುವರ್ಷವೇ, 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಒಡೆತನದ ಬೆಂಗಳೂರು ಎಫ್‌ಸಿ ಹುಟ್ಟಿತು. ಎಚ್‌ಎಎಲ್ ಆಡಿದ್ದ ಅದೇ ಅಶೋಕನಗರದ ಕ್ರೀಡಾಂಗಣದಲ್ಲಿ ಸೆಪ್ಟೆಂಬರ್ 22ರಂದು ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ ಆಡಿತು. ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್‌ವರೆಗೆ ಹೋಯಿತು. ಆ ನೀಲಿ ಜೆರ್ಸಿಯ ಹುಡುಗರಿಗೆ ಗ್ಯಾಲರಿ ಹಾಡಿದ್ದನ್ನು ಕೇಳಿದಾಗ ನನಗೂ ರೋಮಾಂಚನವಾಗಿದೆ. ಅದೇ ಗ್ಯಾಲರಿಯಲ್ಲಿ ಕೆಲವೇ ವರ್ಷ ಮೊದಲು ಕಾರ್ಖಾನೆಯ ಶಿಫ್ಟು ಮುಗಿಸಿ ಬಂದವರು ಕೂತು ತಮ್ಮ ಜೊತೆ ಕೆಲಸ ಮಾಡುವವನ ಹೆಸರು ಕೂಗುತ್ತಿದ್ದರು ಎಂಬುದನ್ನೂ ನೆನಪಿಡಬೇಕು.

*

ಹಳೆಯ ಆಸರೆಗಳಲ್ಲಿ ಒಂದಾದ ನೌಕರಿ ಸಡಿಲವಾಯಿತು. ಇನ್ನೊಂದು, ಮೈದಾನ, ಏನಾಯಿತು?

ಬೆಂಗಳೂರಿನ ಮೈದಾನಗಳಿಗೂ ಕೆರೆಗಳಿಗೂ ಹಳೆಯ ನಂಟು. ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಊರಂಚಿನ ಹಳ್ಳಿಗಳಲ್ಲಿ ಬೇಸಿಗೆಗೆ ನೀರು ಇಳಿದ ಕೆರೆಯಂಗಳ, ಗುಂಡುತೋಪು, ಗೋಮಾಳ ಇವೇ ಹುಡುಗರ ಆಟದ ಜಾಗ. ದೊಡ್ಡನೆಕ್ಕುಂದಿಯ ಕೆರೆ ಇನ್ನೂ ಇದೆ, ಸುತ್ತ ಬೇಲಿಯಿದೆ, ನಡೆಯುವ ದಾರಿಯಿದೆ. ಕೆರೆಯ ಆಚೆಗೆ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡಗಳು. ಈ ಊರು 2007ರಲ್ಲಿ ಮಹಾನಗರದೊಳಗೆ ಸೇರಿದ ಮೇಲೆ ಹೊಲಗಳು ಸೈಟುಗಳಾದವು, ಸೈಟುಗಳು ಪಿಜಿಗಳಾದವು. ಈಗ ಮಕ್ಕಳು ಫುಟ್‌ಬಾಲ್ ಆಡುವುದು ಹೆಚ್ಚಾಗಿ ಬಲೆ ಕಟ್ಟಿದ ಟರ್ಫ್‌ಗಳಲ್ಲಿ. ಗಂಟೆಗೆ ಇಷ್ಟು ಎಂದು ದುಡ್ಡು ಕೊಡಬೇಕು. ಬಣ್ಣ ಬಳಿಯುವವರ ಮಗ ಆ ಬಾಗಿಲು ದಾಟುವುದು ಹೇಗೆ?

ದಂಡಿನ ಒಳಗಿನ ಕೆಲವು ಮೈದಾನಗಳು ಇನ್ನೂ ಬದುಕಿರುವುದು ಪುಣ್ಯ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡಿ. ಕಿರಿದಾದ ಬೀದಿಗಳು, ನೀರಿನ ಬಣ್ಣಬಣ್ಣದ ಕೊಡಗಳ ಸಾಲು, ಪಕ್ಕದಲ್ಲೇ ಆಟದ ಬಯಲು. ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಜೊತೆ ಚೆಂಡು ಹಿಡಿದ ಪೆಲೆಯ ಪ್ರತಿಮೆ ಇದೆ. 2022ರ ಡಿಸೆಂಬರ್ 29ರಂದು ಪೆಲೆ ತೀರಿಕೊಂಡಾಗ ದುಃಖ ಈ ಬೀದಿಗೂ ಬಂತು. ವಿಶ್ವಕಪ್ ಬಂದರೆ ಇಲ್ಲಿ ಬ್ರೆಜಿಲಿನ ಹಳದಿ ಬಾವುಟ ಹಾರುತ್ತದೆ. ಜನರಿಗೆ ಪೂಜೆಗೆ ದೇವರು ಬೇಕು, ಹಕ್ಕಿಗೆ ಅಂಬೇಡ್ಕರ್ ಬೇಕು, ಆಟಕ್ಕೆ ಪೆಲೆ ಬೇಕು ಎಂದು ಈ ಬೀದಿ ಬಹಳ ಹಿಂದೆಯೇ ತೀರ್ಮಾನಿಸಿದೆ.

ಆ ತೀರ್ಮಾನಕ್ಕೆ ಫಲವೂ ಬಂದಿದೆ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ 3-2ರಿಂದ ಮೇಘಾಲಯವನ್ನು ಸೋಲಿಸಿತು. 1969ರ ನಂತರ ಮೊದಲ ಗೆಲುವು, 54 ವರ್ಷದ ಕಾಯುವಿಕೆ. ರಾಜ್ಯದ ಹೆಸರು ಕರ್ನಾಟಕ ಎಂದಾದ ಮೇಲೆ ಸಿಕ್ಕ ಮೊದಲ ಸಂತೋಷ್ ಟ್ರೋಫಿ. ಆ ರಾತ್ರಿ ನಮ್ಮ ಬೀದಿಯ ಹಿರಿಯರು ಮೊಬೈಲ್ ಹಿಡಿದುಕೊಂಡು ಮನೆಯ ಬಾಗಿಲಿಗೆ ಬಂದಿದ್ದರು. ಮಾತು ಹೊರಡಲಿಲ್ಲ, ಸುಮ್ಮನೆ ಕೈ ಹಿಡಿದುಕೊಂಡರು.

ಏಣಿಯೂ ಇನ್ನೂ ನಿಂತಿದೆ. 2023-24ರಲ್ಲಿ ಬೆಂಗಳೂರಿನ ಇನ್ನೊಂದು ಕ್ಲಬ್, ಎಸ್‌ಸಿ ಬೆಂಗಳೂರು, ಐ-ಲೀಗ್ 2 ಗೆದ್ದು ಐ-ಲೀಗ್‌ಗೆ ಏರಿತು. ನಗರದ ಸೂಪರ್ ಡಿವಿಷನ್, ಎ, ಬಿ, ಸಿ ಡಿವಿಷನ್‌ಗಳ ಪಂದ್ಯಗಳು ವಾರದ ದಿನಗಳ ಮಧ್ಯಾಹ್ನವೂ ನಡೆಯುತ್ತವೆ. ಟಿಕೆಟ್ಟಿಗೆ ನೂಕುನುಗ್ಗಲು ಇರುವುದಿಲ್ಲ. ಹೋಗಿ ಕೂತರೆ ಯಾರೋ ಹಳಬರು ಪಕ್ಕಕ್ಕೆ ಸರಿದು ಜಾಗ ಕೊಡುತ್ತಾರೆ, ಪಂದ್ಯ ಮುಗಿಯುವುದರೊಳಗೆ ನಲವತ್ತು ವರ್ಷದ ಲೆಕ್ಕ ಹೇಳುತ್ತಾರೆ.

ಈ ಕಥೆಗಳನ್ನು ಬರೆದಿಡುವವರು ಕಡಿಮೆ ಎಂಬುದು ನನ್ನ ಸಂಕಟ. ಕಪ್ ಗೆದ್ದವರ ಹೆಸರು ಪಟ್ಟಿಯಲ್ಲಿ ಉಳಿಯುತ್ತದೆ. ಹನ್ನೆರಡನೆಯದೋ ಹದಿನಾಲ್ಕನೆಯದೋ ಆಗಿ ನಿಂತವರು ತಮ್ಮ ಟ್ರಂಕಿನಲ್ಲಷ್ಟೇ ಉಳಿಯುತ್ತಾರೆ. ಇರೂನಿನ ಜನ ತಮ್ಮ ತಂಡದ ಒಂದೊಂದು ಋತುವನ್ನೂ ಮನೆಯ ವಂಶಾವಳಿಯ ಹಾಗೆ ಜೋಪಾನ ಮಾಡಿದ್ದಾರೆ. ವಿಮಾನಪುರದ ತಂಡ ಮೂರು ಸಲ ಏರಿ ಮೂರು ಸಲ ಇಳಿದದ್ದನ್ನು, ಐಟಿಐ ಹುಡುಗರು ದೇಶದ ಹನ್ನೆರಡರೊಳಗೆ ನಿಂತದ್ದನ್ನು, ಬೆಂಗಳೂರು ಮುಸ್ಲಿಮ್ಸ್ 1937ರಲ್ಲಿ ಮುಂಬಯಿಯಿಂದ ತಂದ ಕಪ್ ಅನ್ನು ನಾವೂ ಹಾಗೆ ಬರೆದಿಡಬೇಕು. ಶಿವಾಜಿನಗರದ ಶಾಲೆಯಲ್ಲಿ, ದೂರವಾಣಿನಗರದ ಶಾಲೆಯಲ್ಲಿ ಮಕ್ಕಳಿಗೆ ಹೇಳಬೇಕು. ಬರೆದರೆ ಸಾಲದು, ಒಂದು ವಾರ್ಡಿಗೆ ಒಂದಾದರೂ ದುಡ್ಡು ಕೇಳದ ಮೈದಾನ ಉಳಿಸಬೇಕು.

ಹೋದ ಭಾನುವಾರ ಬೆಳಿಗ್ಗೆ ಹಿರಿಯರ ಮೊಮ್ಮಗ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಎರಡು ಇಟ್ಟಿಗೆ ಇಟ್ಟು ಗೋಲು ಮಾಡಿಕೊಂಡಿದ್ದ. ಸೈಟಿನ ಮೂಲೆಯಲ್ಲಿ ಜಲ್ಲಿ, ಮರಳು ಬಂದು ಬಿದ್ದಿತ್ತು. ಇನ್ನೆರಡು ತಿಂಗಳಲ್ಲಿ ಅಲ್ಲಿ ಪಾಯ ತೆಗೆಯುತ್ತಾರೆ. "ತಾತಾ, ಬನ್ನಿ, ನೀವು ಗೋಲಿ" ಎಂದು ಹುಡುಗ ಕೂಗಿದ. ಅವರು ಲುಂಗಿ ಎತ್ತಿ ಕಟ್ಟಿ, ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಎರಡು ಇಟ್ಟಿಗೆಗಳ ನಡುವೆ ಹೋಗಿ ನಿಂತರು. ಮೇಲೆ ವಿಮಾನವೊಂದು ಹಾದುಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ. ಇಬ್ಬರ ಕಣ್ಣೂ ಚೆಂಡಿನ ಮೇಲಿತ್ತು.